ಸ್ಮಾರ್ಟ್ ಬೋರ್ಡ್ ಕೊಡಿಸುವವರಿಗೆ: ಮಕ್ಕಳು ಅದನ್ನು ಮುಟ್ಟಬಹುದಾ?

ಮಾನ್ಯರೇ,

ಈ ಪತ್ರವನ್ನು ಯಾರ ಹೆಸರಿಗೆ ಬರೆಯಬೇಕು ಅಂತ ಸರಿಯಾಗಿ ಗೊತ್ತಾಗಲಿಲ್ಲ. ಸ್ಮಾರ್ಟ್ ಬೋರ್ಡುಗಳು ನಮ್ಮ ಸರ್ಕಾರಿ ಹೈಸ್ಕೂಲುಗಳಿಗೆ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಕೆಲವನ್ನು ಇಲಾಖೆ ಕೊಡುತ್ತದೆ. ಕೆಲವು ಶಾಸಕರ ನಿಧಿಯಿಂದ, ಕೆಲವು ಕಂಪನಿಗಳು ಸಮಾಜ ಸೇವೆಗೆ ಅಂತ ಎತ್ತಿಡುವ ಸಿಎಸ್‌ಆರ್ ಹಣದಿಂದ. ಇನ್ನು ಕೆಲವನ್ನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೇ ವಿದ್ಯಾರ್ಥಿಗಳು ತಲಾ ಇಷ್ಟು ಅಂತ ಹಾಕಿಕೊಂಡು ತಂದುಕೊಡುತ್ತಾರೆ. ಹಾಗಾಗಿ ನಿಮ್ಮೆಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ.

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಗಣಿತ ಕಲಿಸುತ್ತೇನೆ. ಇಲಾಖೆಯ ಲೆಕ್ಕದಲ್ಲಿ ಪಿಸಿಎಂ ಟೀಚರ್. ಅಂದರೆ ಗಣಿತದ ಜೊತೆಗೆ ಫಿಸಿಕ್ಸ್, ಕೆಮಿಸ್ಟ್ರಿಯೂ ನನ್ನ ತಲೆಗೇ. ನಮ್ಮ ಶಾಲೆಗೂ ಒಂದು ಸ್ಮಾರ್ಟ್ ಬೋರ್ಡ್ ಬಂದಿದೆ. ಕೊಟ್ಟವರಿಗೆ ನಿಜವಾಗಿಯೂ ಕೃತಜ್ಞತೆ ಇದೆ. ಟೇಪ್ ಕತ್ತರಿಸಿದ ದಿನ ನಾನೇ ನಿರೂಪಣೆ ಮಾಡಿದೆ, ಮಕ್ಕಳ ಕೈಯಲ್ಲಿ ಸ್ವಾಗತ ಗೀತೆ ಹಾಡಿಸಿದೆ. ಅದಾದ ಮೇಲೆ ಏನಾಯಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅದನ್ನು ಹೇಳೋಣ ಅಂತ.

ಬೋರ್ಡನ್ನು ಕ್ಲಾಸಿನಲ್ಲಿ ಹಾಕಲಿಲ್ಲ. ಒಂದು ಖಾಲಿ ಕೋಣೆಗೆ ಸುಣ್ಣ ಬಳಿದು, ಕಿಟಕಿಗೆ ಪರದೆ ಕಟ್ಟಿ, 'ಸ್ಮಾರ್ಟ್ ಕ್ಲಾಸ್' ಅಂತ ಬರೆಸಿ ಅಲ್ಲಿ ಹಾಕಿದರು. ಬಾಗಿಲಿಗೆ ಬೀಗ. ಬೀಗದ ಕೈ ಹೆಡ್‌ಮಾಸ್ಟರ್ ಟೇಬಲ್ಲಿನ ಡ್ರಾಯರ್‌ನಲ್ಲಿ. ಬೋರ್ಡಿನ ಪಕ್ಕದಲ್ಲೇ ಒಂದು ಹಾಳೆ ಅಂಟಿಸಿದೆ: 'ದಯವಿಟ್ಟು ಮುಟ್ಟಬೇಡಿ.' ಟಚ್ ಬೋರ್ಡ್ ಅದು. ಮುಟ್ಟೋಕೆ ಅಂತಲೇ ಮಾಡಿದ್ದು.

ನನ್ನ ಪಿರಿಯಡ್ 40 ನಿಮಿಷ. ಒಂಬತ್ತನೇ ತರಗತಿ ಬಿ ಸೆಕ್ಷನ್‌ನಲ್ಲಿ 52 ಮಕ್ಕಳು. ಲೈನ್ ಮಾಡಿಸಿ ಕರೆದುಕೊಂಡು ಹೋಗಬೇಕು. ಬೀಗದ ಕೈ ತರಿಸಬೇಕು. ಧೂಳು ಬೀಳುತ್ತದೆ ಅಂತ ಚಪ್ಪಲಿ ಹೊರಗೆ ಬಿಡಿಸಬೇಕು. ಯುಪಿಎಸ್ ಹಾಕಬೇಕು, ಬೋರ್ಡ್ ಶುರುವಾಗುವವರೆಗೆ ಕಾಯಬೇಕು. ಒಮ್ಮೆ ಗಡಿಯಾರ ನೋಡಿಕೊಂಡೇ ಹೋದೆ. ಪಾಠ ಶುರುವಾಗುವಷ್ಟರಲ್ಲಿ 12 ನಿಮಿಷ ಆಗಿತ್ತು. ಬೆಲ್ ಹೊಡೆಯುವ ಮೊದಲೇ ಹೊರಡಬೇಕು, ಯಾಕೆಂದರೆ 52 ಜೊತೆ ಚಪ್ಪಲಿಯಲ್ಲಿ ತಮ್ಮದು ಯಾವುದು ಅಂತ ಹುಡುಕೋಕೆ ಮಕ್ಕಳಿಗೆ ನಾಲ್ಕು ನಿಮಿಷ ಬೇಕು. ಉಳಿದಿದ್ದು 24 ನಿಮಿಷ. ಇದು ಕರೆಂಟ್ ಇದ್ದ ದಿನದ ಲೆಕ್ಕ.

ಬೀಗ ಹಾಕಿದ್ದಕ್ಕೆ ಹೆಡ್‌ಮಾಸ್ಟರರನ್ನು ಬೈಯುವುದು ಸುಲಭ. ನಾನೂ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ದಾಸ್ತಾನು ವಹಿ ತೆಗೆದು ತೋರಿಸಿದರು. ಬೋರ್ಡು, ಅದರ ಪೆನ್ನು, ರಿಮೋಟು, ಯುಪಿಎಸ್, ಎರಡು ಸ್ಪೀಕರ್, ಎಲ್ಲ ಅದರಲ್ಲಿ ಬೆಲೆ ಸಮೇತ ಇದೆ. "ಇನ್ನು ಎರಡು ವರ್ಷ ಸರ್ವೀಸ್ ಇದೆ ಮೇಡಂ. ಚಾರ್ಜ್ ಕೊಡೋವಾಗ ಇದರಲ್ಲಿ ಒಂದು ಕಮ್ಮಿಯಾದ್ರೂ, ಕೆಟ್ಟಿದ್ರೂ ನಾನು ಉತ್ತರ ಹೇಳ್ಬೇಕು. ಅಲ್ಲೀವರೆಗೆ ಚೆನ್ನಾಗಿರ್ಲಿ. ಆಮೇಲೆ ನೀವುಂಟು, ಅದುಂಟು," ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಉಪಯೋಗಿಸಿ ಕೆಟ್ಟರೆ ಶಿಕ್ಷೆ. ಉಪಯೋಗಿಸದೆ ಇಟ್ಟರೆ ಯಾರೂ ಏನೂ ಕೇಳುವುದಿಲ್ಲ. ಇಂಥ ಲೆಕ್ಕ ಇದ್ದಾಗ ಬುದ್ಧಿ ಇರುವ ಯಾರಾದರೂ ಬೀಗವನ್ನೇ ಹಾಕುತ್ತಾರೆ.

ಇನ್ನು ಬೋರ್ಡಿನ ಒಳಗೆ ಏನಿತ್ತು ಅನ್ನುವುದು. ಪಾಠಗಳ ವಿಡಿಯೊ ತುಂಬಿಸಿದ್ದರು. ಬಣ್ಣ ಬಣ್ಣದ ಬೊಂಬೆಗಳು ಬಂದು ತ್ರಿಭುಜ, ವೃತ್ತ ಎಲ್ಲ ಹೇಳಿಕೊಡುತ್ತವೆ. ಮಕ್ಕಳು ಸದ್ದಿಲ್ಲದೆ ನೋಡಿದರು. "ಸೂಪರ್ ಆಗಿತ್ತು ಮಿಸ್," ಅಂದರು. ಮಾರನೇ ದಿನ ಕರಿಹಲಗೆಯ ಮೇಲೆ ಅದೇ ಚಿತ್ರ ಬರೆದು ಕೇಳಿದರೆ ಬೊಂಬೆ ಹಾಕಿದ್ದ ಟೋಪಿಯ ಬಣ್ಣ ನೆನಪಿತ್ತು. ಅದು ಮಕ್ಕಳ ತಪ್ಪಲ್ಲ. ವಿಡಿಯೊದಲ್ಲಿ ಪ್ರಶ್ನೆಯನ್ನೂ ಅದೇ ಕೇಳಿಕೊಳ್ಳುತ್ತದೆ, ಉತ್ತರವನ್ನೂ ಅದೇ ಹೇಳುತ್ತದೆ. ಮಕ್ಕಳಿಗೆ ಮಾಡೋಕೆ ಕೆಲಸವೇ ಇಲ್ಲ. ನನಗೂ ಇಲ್ಲ.

ಅದರ ಕನ್ನಡವೂ ಬೇರೆ. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆಗೆ ನಮ್ಮ ಪುಸ್ತಕದಲ್ಲಿ 'ಸ್ಪರ್ಶಕ' ಅಂತ ಇದ್ದರೆ ಅದು 'ಸ್ಪರ್ಶರೇಖೆ' ಅನ್ನುತ್ತದೆ. ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆ, ನಮ್ಮ 'ಜ್ಯಾ', ಅಲ್ಲಿ 'ಕಾರ್ಡ್'. ದೊಡ್ಡವರಿಗೆ ಇದು ಸಣ್ಣ ವಿಷಯ. ಮೊದಲ ಸಲ ಆ ಪದ ಕೇಳುವ ಹುಡುಗನಿಗೆ ಅದು ಇನ್ನೊಂದು ಹೊಸ ಪಾಠ. ಒಂದು ವರ್ಷ ಕಳೆದ ಮೇಲೆ ಆ ತೊಂದರೆಯೂ ಉಳಿಯಲಿಲ್ಲ. ಲೈಸೆನ್ಸ್ ಮುಗಿದಿದೆ ಅಂತ ಪರದೆಯ ಮೇಲೆ ಬಂತು, ಅಲ್ಲಿಗೆ ವಿಡಿಯೊಗಳು ನಿಂತವು.

ಇಷ್ಟು ಓದಿ ನಾನು ತಂತ್ರಜ್ಞಾನದ ವಿರೋಧಿ ಅಂದುಕೊಳ್ಳಬೇಡಿ. ವಿಷಯ ಇರುವುದೇ ಮುಂದೆ.

ಕಳೆದ ವರ್ಷ ಒಂಬತ್ತನೇ ತರಗತಿಗೆ ವೃತ್ತಗಳ ಪಾಠ ಮಾಡಬೇಕಿತ್ತು. ಅದರಲ್ಲಿ ಒಂದು ಪ್ರಮೇಯ ಇದೆ: ಒಂದೇ ವೃತ್ತಖಂಡದಲ್ಲಿನ ಕೋನಗಳು ಸಮ. ಪ್ರತಿ ವರ್ಷ ಹಲಗೆಯ ಮೇಲೆ ವೃತ್ತ ಬರೆದು, ಎರಡೋ ಮೂರೋ ಕೋನ ತೋರಿಸಿ, ಸಾಧನೆ, ಅಂದರೆ ಪ್ರೂಫ್, ಬರೆಸಿ ಮುಗಿಸುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಆ ಸಲ ನನ್ನದೇ ಹಳೇ ಲ್ಯಾಪ್‌ಟಾಪ್ ತಂದೆ. ಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಪ್ರೊಜೆಕ್ಟರ್ ಒರೆಸಿ ಕ್ಲಾಸಿಗೇ ತೆಗೆದುಕೊಂಡು ಹೋದೆ. ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿದೆವು. ಲ್ಯಾಪ್‌ಟಾಪ್‌ನಲ್ಲಿ ಜಿಯೋಜೀಬ್ರಾ ಇತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಜಿಯೋಜೀಬ್ರಾ ಗಣಿತದ ಒಂದು ಸಾಫ್ಟ್‌ವೇರ್. ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನುವವರು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 2001ರಲ್ಲಿ ಶುರು ಮಾಡಿದ್ದು. ಶಾಲೆಗಳಿಗೆ ಪುಕ್ಕಟೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಪಾಠ ಇರುವುದಿಲ್ಲ. ಬಿಂದು, ರೇಖೆ, ವೃತ್ತ ಇರುತ್ತವೆ, ಅವನ್ನು ಹಿಡಿದು ಎಳೆಯಬಹುದು, ಅಷ್ಟೇ.

ಒಂದು ವೃತ್ತ ಬರೆದೆ. ಅದರ ಮೇಲೆ ಎ, ಬಿ ಅಂತ ಎರಡು ಬಿಂದು. ಮೂರನೆಯದು ಪಿ. ಪಿಯಿಂದ ಎ, ಬಿಗೆ ಗೆರೆ ಎಳೆದು ಅಲ್ಲಿನ ಕೋನ ಅಳೆಯಲು ಹೇಳಿದೆ. 50 ಡಿಗ್ರಿ ಅಂತ ಬಂತು. "ಪಿಯನ್ನು ವೃತ್ತದ ಮೇಲೇ ಬೇರೆ ಕಡೆ ಸರಿಸಿದ್ರೆ ಕೋನ ಎಷ್ಟಾಗುತ್ತೆ?" ಅಂತ ಕೇಳಿದೆ. ಎಗೆ ಹತ್ತಿರ ಹೋದರೆ ಜಾಸ್ತಿ ಆಗುತ್ತೆ ಅಂತ ಅರ್ಧ ಕ್ಲಾಸು. ಕಮ್ಮಿ ಆಗುತ್ತೆ ಅಂತ ಇನ್ನರ್ಧ. ಸಮ ಅಂತ ಒಬ್ಬರೂ ಹೇಳಲಿಲ್ಲ. ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗಿಯನ್ನು ಕರೆದು ಮೌಸ್ ಕೈಗೆ ಕೊಟ್ಟೆ. ಅವಳು ಪಿಯನ್ನು ಹಿಡಿದು ನಿಧಾನಕ್ಕೆ ಎಳೆದಳು. ಗೆರೆಗಳು ಅಲುಗಾಡುತ್ತಿವೆ, ತ್ರಿಭುಜದ ಆಕಾರ ಬದಲಾಗುತ್ತಿದೆ, ಕೋನ ಮಾತ್ರ 50ರಲ್ಲೇ ಕೂತಿದೆ. "ಮಿಸ್, ಹ್ಯಾಂಗ್ ಆಗಿದೆ," ಅಂತ ಹಿಂದಿನಿಂದ ಕೂಗಿದರು. ಹ್ಯಾಂಗ್ ಆಗಿದೆಯಾ ನೋಡೋಣ ಅಂತ ಬಿಯನ್ನು ಸರಿಸಿದೆ. ಕೋನ ಬದಲಾಯಿತು. ಮತ್ತೆ ಪಿಯನ್ನು ಎಳೆದರೆ ಹೊಸ ಸಂಖ್ಯೆಯಲ್ಲೇ ನಿಂತಿತು. ಆಗ ಕ್ಲಾಸು ಒಂದು ಕ್ಷಣ ಸುಮ್ಮನಾಯಿತಲ್ಲ, ವಿಡಿಯೊ ನೋಡುವಾಗ ಇದ್ದ ಮೌನ ಅದಲ್ಲ.

ಬಿಯನ್ನು ಮೊದಲಿನ ಜಾಗಕ್ಕೆ ತಂದು ಮುಂದುವರಿಸಿದೆವು. ಆಗ ಒಬ್ಬ ಹುಡುಗ, ಟೆಸ್ಟಿನಲ್ಲಿ ಯಾವಾಗಲೂ ಒಂದಂಕಿ ತೆಗೆಯುವವನು, "ಮಿಸ್, ಬಿ ದಾಟಿಸಿ ಆ ಕಡೆ ತಗೊಂಡ್ ಹೋದ್ರೆ?" ಅಂದ. ನಾನು ಇದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಎಳೆದಳು. ಬಿ ದಾಟಿದ ತಕ್ಷಣ 50 ಇದ್ದದ್ದು 230 ಆಯಿತು. ನಗು, ಗಲಾಟೆ. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ತಬ್ಬಿಬ್ಬಾಯಿತು. ಆ ಸಾಫ್ಟ್‌ವೇರ್ ಕೋನವನ್ನು ಒಂದೇ ದಿಕ್ಕಿನಲ್ಲಿ ಸುತ್ತಿ ಅಳೆಯುತ್ತದೆ. ಹಾಗಾಗಿ ಬಿಂದು ಆ ಕಡೆ ಹೋದಾಗ ಒಳಗಿನ ಕೋನದ ಬದಲು ಹೊರಗಿನ ಸರಳಾಧಿಕ ಕೋನ, ಅಂದರೆ 180ಕ್ಕಿಂತ ದೊಡ್ಡ ಕೋನ, ತೋರಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಸರಿ ಮಾಡಬಹುದಿತ್ತು. ಮಾಡಲಿಲ್ಲ. "230 ಹೊರಗಿನದ್ದು. ಹಾಗಾದ್ರೆ ಒಳಗಿನದ್ದು ಎಷ್ಟು?" ಅಂದೆ. 360ರಲ್ಲಿ 230 ಕಳೆದು 130 ಅಂದರು. 50, 130. ಯಾರೋ ಅವೆರಡನ್ನೂ ಕೂಡಿಸಿ 180 ಅಂತ ಕೂಗಿದರು. ನಾಲ್ಕು ಮೂಲೆಯೂ ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳ ಮೊತ್ತ 180 ಡಿಗ್ರಿ ಅನ್ನುವ ಪ್ರಮೇಯ ಅದು. ಪುಸ್ತಕದಲ್ಲಿ ಎರಡು ಪುಟ ಮುಂದೆ ಇದೆ. ಆ ದಿನ ನಾನದನ್ನು ಕಲಿಸಲಿಲ್ಲ. ಅವರೇ ಎಡವಿ ಬಿದ್ದರು ಅದರ ಮೇಲೆ.

ಇನ್ನೊಂದು ದಿನದ ಕಥೆಯೂ ಹೇಳಿಬಿಡುತ್ತೇನೆ. ತ್ರಿಭುಜದ ಮೂರು ಕೋನ ಅಳೆಸಿದೆ. 41.27, 66.46, 72.26 ಅಂತ ಬಂತು. ಮಕ್ಕಳು ಕೂಡಿಸಿದರು. 179.99. "ಮಿಸ್, ನೀವು ಸುಳ್ಳು ಹೇಳಿದ್ರಿ, 180 ಬರಲ್ಲ," ಅಂತ ಒಬ್ಬಳು ಎದ್ದು ನಿಂತಳು. ಸಾಫ್ಟ್‌ವೇರ್ ದಶಮಾಂಶದ ಎರಡು ಸ್ಥಾನಕ್ಕೆ ಅಂದಾಜು ಮಾಡಿ ತೋರಿಸುತ್ತದೆ, ಅದಕ್ಕೇ ಆ ಚೂರು ಕಾಣೆಯಾಗಿದೆ ಅಂತ ವಿವರಿಸಿದೆ. ಅವಳು ಬಿಡಲಿಲ್ಲ. "ಹಾಗಾದ್ರೆ 180 ಅಂತ ನಿಮಗೆ ಹೆಂಗೆ ಗೊತ್ತು?" ಹದಿನೈದು ವರ್ಷದಿಂದ ಸಾಧನೆ ಯಾಕೆ ಬರೆಯಬೇಕು ಅಂತ ಮಕ್ಕಳಿಗೆ ಹೇಳಲು ಒದ್ದಾಡಿದ್ದೇನೆ. ಐದು ಮಾರ್ಕ್ಸ್‌ಗೆ ಬರುತ್ತೆ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅಳತೆ ನಂಬೋಕೆ ಆಗಲ್ಲ, ಅದಕ್ಕೇ ಸಾಧನೆ ಬೇಕು ಅಂತ ಅವಳೇ ನನಗೆ ತೋರಿಸಿಕೊಟ್ಟಳು. ಕಂಪ್ಯೂಟರ್ ತಪ್ಪು ತೋರಿಸಿದ್ದರಿಂದ ಒಳ್ಳೆಯ ಪಾಠ ಆದದ್ದು ಅದೇ ಮೊದಲು.

ನೋಡಿ, ಈ ಎರಡೂ ದಿನ ದುಬಾರಿ ಸಾಮಾನು ಏನೂ ಇರಲಿಲ್ಲ. ಇದ್ದದ್ದು ಮೂರು: ಉಪಕರಣ ಕ್ಲಾಸಿನಲ್ಲೇ ಇತ್ತು, ಮೌಸ್ ಮಗುವಿನ ಕೈಯಲ್ಲಿತ್ತು, ಕೆಟ್ಟರೆ ಕೇಳುವವರು ಯಾರೂ ಇರಲಿಲ್ಲ. ಯಾಕೆಂದರೆ ಲ್ಯಾಪ್‌ಟಾಪ್ ನನ್ನದು, ಪ್ರೊಜೆಕ್ಟರ್ ವಹಿಯಲ್ಲಿ ಆಗಲೇ ನಿರುಪಯುಕ್ತ ಅಂತ ಬರೆದಾಗಿತ್ತು. ನೀವು ಕೊಟ್ಟ ಬೋರ್ಡು ಇದಕ್ಕಿಂತ ನೂರು ಪಾಲು ಚೆನ್ನಾಗಿದೆ. ಅದರಲ್ಲಿ ಮೌಸ್ ಕೂಡ ಬೇಡ, ಬೆರಳಿನಿಂದಲೇ ಪಿಯನ್ನು ಎಳೆಯಬಹುದು. ಆದರೆ ಅದು ಬೀಗದೊಳಗಿದೆ.

ಎಲ್ಲ ಪಾಠಕ್ಕೂ ಇದು ಬೇಕಾಗಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ವರ್ಗ ಸಮೀಕರಣ ಬಿಡಿಸುವುದಕ್ಕೆ ಕರಿಹಲಗೆ, ಚಾಕ್‌ಪೀಸ್ ಸಾಕು. ರಚನೆಗಳಿಗೆ ಕೈವಾರ ಹಿಡಿದು ಕಾಗದದ ಮೇಲೇ ಎಳೆಯಬೇಕು, ಕೈಗೆ ಬರಬೇಕು ಅದು. ಸಮಾಂತರ ಶ್ರೇಢಿಗೆ ಬೆಂಕಿಕಡ್ಡಿ ಜೋಡಿಸಿದರೆ ಸಾಕು. ಆದರೆ ಬಹುಪದೋಕ್ತಿಯ ನಕ್ಷೆ, ಎರಡು ಸರಳರೇಖೆ ಎಲ್ಲಿ ಸೇರುತ್ತವೆ, ವೃತ್ತವನ್ನು ಎರಡು ಕಡೆ ಕತ್ತರಿಸುವ ಛೇದಕ ಸರಿದು ಸರಿದು ಸ್ಪರ್ಶಕ ಆಗುವುದು, ಇವೆಲ್ಲ ಚಲನೆಯ ವಿಷಯ. ಹಲಗೆಯ ಮೇಲೆ ಎಷ್ಟು ಚೆನ್ನಾಗಿ ಬರೆದರೂ ಚಿತ್ರ ಅಲುಗಾಡುವುದಿಲ್ಲ. ಯಾವಾಗ ಯಾವುದು ಅಂತ ಟೀಚರ್ ತೀರ್ಮಾನ ಮಾಡಬೇಕು. ಹೀಗಿರುವಾಗ ಕೆಲವು ಶಾಲೆಗಳಲ್ಲಿ ಸ್ಮಾರ್ಟ್ ಬೋರ್ಡನ್ನು ಕರಿಹಲಗೆಯ ನಟ್ಟನಡುವೆ ಮೊಳೆ ಹೊಡೆದು ಕೂರಿಸಿದ್ದಾರೆ. ಕರೆಂಟ್ ಹೋದರೆ ಬರೆಯಲು ಎರಡು ಕಡೆ ಒಂದೊಂದು ಅಡಿ ಜಾಗ. ಇದನ್ನು ಮಾಡಿದವರು ಒಂದು ದಿನವೂ ಹಲಗೆಯ ಮೇಲೆ ಪ್ರಮೇಯ ಬರೆದವರಲ್ಲ ಅಂತ ಹೇಳಬಲ್ಲೆ.

ಹೊರಗೆ ಏನಾಗಿದೆ ಅಂತಲೂ ಸ್ವಲ್ಪ ಓದಿಕೊಂಡಿದ್ದೇನೆ. ಪೆರು ದೇಶದಲ್ಲಿ ಹಳ್ಳಿಯ ಪ್ರೈಮರಿ ಮಕ್ಕಳಿಗೆ ಒಬ್ಬೊಬ್ಬರಿಗೂ ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ವರದಿ ಬಂತು. ಗಣಿತದ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ದೆಹಲಿಯಲ್ಲಿ ಬೇರೆ ಥರ ಆಯಿತು. ಶಾಲೆ ಬಿಟ್ಟ ಮೇಲೆ ಮೈಂಡ್‌ಸ್ಪಾರ್ಕ್ ಅನ್ನುವ ಸಾಫ್ಟ್‌ವೇರ್ ಇಟ್ಟ ಕೇಂದ್ರಗಳಿಗೆ ಮಕ್ಕಳು ಹೋದರು. ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲಿ ಚೆನ್ನಾಗಿ ಮುಂದೆ ಬಂದರು ಅಂತ 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಲ್ಲಿ ಸಾಫ್ಟ್‌ವೇರ್ ಪ್ರತಿ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಲೆಕ್ಕ ಕೊಡುತ್ತಿತ್ತು. ಒಂಬತ್ತನೇ ತರಗತಿಯವನಿಗೆ ಭಾಗಾಕಾರ ಬರದಿದ್ದರೆ ಭಾಗಾಕಾರದಿಂದಲೇ. ಎರಡೂ ಕಡೆ ಯಂತ್ರ ಇತ್ತು. ಅದರ ಮುಂದೆ ಕೂತ ಮಗು ಏನು ಮಾಡುತ್ತಿತ್ತು ಅನ್ನುವುದು ಬೇರೆ ಇತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕಾಸರಗೋಡಿಗೆ ಹೋಗಿ. ಅಲ್ಲಿ ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳಿವೆ. ಕೇರಳ 2001ರಲ್ಲೇ ಐಟಿ ಅಟ್ ಸ್ಕೂಲ್ ಅಂತ ಯೋಜನೆ ಶುರು ಮಾಡಿ, 2017ರಲ್ಲಿ ಅದನ್ನು ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಮಾಡಿತು. 2018ರಲ್ಲಿ ಶುರುವಾದ ಹೈಟೆಕ್ ಶಾಲೆ ಯೋಜನೆಯಲ್ಲಿ 45,000 ಕ್ಲಾಸ್‌ರೂಮುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಇಟ್ಟರು. ಗಮನಿಸಿ, ಕ್ಲಾಸ್‌ರೂಮಿಗೆ. ಬೀಗ ಹಾಕಿದ ಬೇರೆ ಕೋಣೆಗಲ್ಲ. ಲೈಸೆನ್ಸ್ ಮುಗಿಯುವ ತಲೆನೋವೇ ಬೇಡ ಅಂತ ಉಚಿತ, ಮುಕ್ತ ಸಾಫ್ಟ್‌ವೇರ್ ಬಳಸಿದರು. ಸಾಮಾನಿಗೆ ಐದು ವರ್ಷದ ವಾರಂಟಿ, ಕೆಟ್ಟರೆ ಶಾಲೆಯವರು ದೂರು ಕೊಡಲು ಒಂದು ವ್ಯವಸ್ಥೆ. ಅವರ ಗಣಿತದ ಪುಸ್ತಕದ ಒಳಗೇ ಜಿಯೋಜೀಬ್ರಾ ಚಟುವಟಿಕೆಗಳು ಬರುತ್ತವೆ. ಅಲ್ಲಿ ಎಲ್ಲ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ರಿಪೇರಿಯ ಬಗ್ಗೆ ಮೊದಲೇ ಯೋಚಿಸಿದ್ದರು ಅಂತ ಹೇಳುತ್ತಿದ್ದೇನೆ.

ನಮ್ಮಲ್ಲಿ ಏನೂ ಆಗಿಲ್ಲ ಅಂತಲೂ ಅಲ್ಲ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನುವ ಜಾಲತಾಣದಲ್ಲಿ ನಮ್ಮದೇ ಟೀಚರ್‌ಗಳು ಮಾಡಿದ ಗಣಿತದ ಸಾಮಗ್ರಿ ಇದೆ. ನಾನು ಜಿಯೋಜೀಬ್ರಾ ಮುಟ್ಟಿದ್ದೇ ಇಲಾಖೆಯ ಒಂದು ತರಬೇತಿಯಲ್ಲಿ, ಪಕ್ಕದ ತಾಲ್ಲೂಕಿನ ಒಬ್ಬ ಮೇಷ್ಟ್ರು ನನ್ನ ಕೈ ಹಿಡಿದು ಬಿಂದು ಎಳೆಸಿದಾಗ. ಪಠ್ಯಪುಸ್ತಕದಲ್ಲಿ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ದೀಕ್ಷಾದ ಕ್ಯೂಆರ್ ಕೋಡ್ ಇದೆ, ಪುಕ್ಕಟೆ ಪಾಠಗಳ ಜಾಲತಾಣ ಖಾನ್ ಅಕಾಡೆಮಿ ಕನ್ನಡದಲ್ಲಿದೆ. ಸಾಮಗ್ರಿಗೆ ಬರ ಇಲ್ಲ. ಅದಕ್ಕೇ ಬೋರ್ಡಿನ ಜೊತೆ ವಿಡಿಯೊ ಕೊಡಲೇಬೇಕು ಅನ್ನುವ ಹಟ ಬಿಡಿ. ಆ ಲೈಸೆನ್ಸ್ ದುಡ್ಡನ್ನು ಬ್ಯಾಟರಿಗೆ, ಕೇಬಲ್ಲಿಗೆ, ಇಲಿ ಕಡಿದ ವೈರಿಗೆ ಇಡಿ. ನೀವು ನಕ್ಕರೂ ಪರವಾಗಿಲ್ಲ, ನಮ್ಮ ಕಡೆ ಸ್ಮಾರ್ಟ್ ಕ್ಲಾಸಿನ ದೊಡ್ಡ ಶತ್ರು ಇಲಿಯೇ.

ನಿಮ್ಮಲ್ಲಿ ಇಲಾಖೆಯವರಿದ್ದರೆ ನನ್ನ ಮುಖ್ಯ ಬೇಡಿಕೆ ದಾಸ್ತಾನು ವಹಿಯದು. ಪಾಠ ಮಾಡುವಾಗ ಕೆಟ್ಟದ್ದಕ್ಕೆ ಹೆಡ್‌ಮಾಸ್ಟರ್ ಜವಾಬ್ದಾರರಲ್ಲ ಅಂತ ಒಂದು ಸುತ್ತೋಲೆ ಕೊಡಿ. ಚಾಕ್‌ಪೀಸ್ ಸವೆದರೆ ಯಾರೂ ಲೆಕ್ಕ ಕೇಳುವುದಿಲ್ಲ, ಹಾಗೆಯೇ ಬೋರ್ಡಿನ ಪೆನ್ನು ಸವೆಯಲಿ. ಇದು ಆಗದ ಕೆಲಸ ಅಂತ ಅನ್ನಬೇಡಿ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಿಂದ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತಲ್ಲ. ಕರೆಂಟ್, ಇಂಟರ್‌ನೆಟ್ ಎಲ್ಲ ವ್ಯವಸ್ಥೆ ಆಯಿತು. ನಮ್ಮ ಕೇಂದ್ರದಲ್ಲಿ ಒಂದು ಕ್ಯಾಮೆರಾ ಕೈಕೊಟ್ಟಾಗ ಅದೇ ದಿನ ಜನ ಓಡಿ ಬಂದರು. ಮಕ್ಕಳು ನಕಲು ಮಾಡದಂತೆ ಕಾಯುವುದಕ್ಕೆ ಇಷ್ಟು ಓಡಾಟ ಆಗುತ್ತದೆ ಅಂದಮೇಲೆ ಮಕ್ಕಳು ಕಲಿಯುವುದಕ್ಕೂ ಆಗಬಹುದು, ಅಲ್ವಾ?

ಇನ್ನೊಂದು ಬೇಡಿಕೆ ಸಮಯದ್ದು. ಆ ವೃತ್ತದ ಪಾಠಕ್ಕೆ ನಾನು ಭಾನುವಾರ ಮಧ್ಯಾಹ್ನ ಪೂರ್ತಿ ಕೂತಿದ್ದೆ. ಪ್ರತಿ ವಾರ ಅದು ಸಾಧ್ಯವಿಲ್ಲ. ವಾರದಲ್ಲಿ ಎರಡು ಪಿರಿಯಡ್ ತಯಾರಿಗೆ ಅಂತ ಟೈಮ್‌ಟೇಬಲ್ಲಿನಲ್ಲೇ ಬಿಡಿ. ಹೋಬಳಿಯ ನಾಲ್ಕೈದು ಗಣಿತ ಟೀಚರ್‌ಗಳು ತಿಂಗಳಿಗೊಮ್ಮೆ ಒಟ್ಟಿಗೆ ಕೂರಲು ಅವಕಾಶ ಕೊಡಿ. ಒಬ್ಬರು ವೃತ್ತದ ಫೈಲ್ ಮಾಡಿದರೆ ಇನ್ನೊಬ್ಬರು ಬಹುಪದೋಕ್ತಿಯದು ಮಾಡಬಹುದು. ಹಿಂದುಳಿದ ಮಕ್ಕಳನ್ನು ಪಾಸು ಮಾಡಿಸುವ ಪಾಸಿಂಗ್ ಪ್ಯಾಕೇಜ್ ತಯಾರಿಸಲು ನಾವು ಎಷ್ಟು ಸಲ ಸೇರಿಲ್ಲ?

ನನ್ನ ತಪ್ಪೂ ಇದರಲ್ಲಿ ಇದೆ. ಬೋರ್ಡ್ ಬಂದ ಮೊದಲ ಆರು ತಿಂಗಳು ಬೀಗದ ಕೈ ಕೇಳಲೇ ಇಲ್ಲ. ಮಕ್ಕಳ ಮುಂದೆ ಯಾವುದೋ ಬಟನ್ ಒತ್ತಿ ಅವಮಾನ ಆದರೆ ಅಂತ ಭಯ ಇತ್ತು. ಬೀಗ ನನಗೂ ಅನುಕೂಲವೇ ಆಗಿತ್ತು. ಆ ಭಯ ಹೋಗಿದ್ದು ಎಂಟನೇ ತರಗತಿಯ ಒಬ್ಬ ಪುಟ್ಟ ಹುಡುಗ ಎದ್ದು ಬಂದು, "ಬಿಡಿ ಮಿಸ್, ನಾನ್ ತೋರಿಸ್ತೀನಿ," ಅಂತ ಝೂಮ್ ಮಾಡುವುದು ಹೇಗೆ ಅಂತ ಕಲಿಸಿದಾಗ.

ನಮ್ಮ ಹೆಡ್‌ಮಾಸ್ಟರರ ಜೊತೆ ಮತ್ತೆ ಮಾತಾಡಿದ್ದೇನೆ. ಈ ವರ್ಷ ಬೋರ್ಡನ್ನು ಒಂಬತ್ತನೇ ಬಿ ಕ್ಲಾಸಿಗೆ, ಕರಿಹಲಗೆಯ ಪಕ್ಕದ ಗೋಡೆಗೆ ಹಾಕಿಸೋಣ ಅಂದಿದ್ದಾರೆ. 'ಮುಟ್ಟಬೇಡಿ' ಹಾಳೆ ತೆಗೆಯಲು ಇನ್ನೂ ಮನಸ್ಸಿಲ್ಲ. ನೀವು ಯಾರಾದರೂ ಒಂದು ಸಾಲು ಬರೆದುಕೊಟ್ಟರೆ ಅದನ್ನೂ ತೆಗೆಯುತ್ತಾರೆ. ಬರೆದುಕೊಡುವ ಮೊದಲು ನೋಡಬೇಕು ಅನಿಸಿದರೆ ಗುರುವಾರ ಮೂರನೇ ಪಿರಿಯಡ್‌ಗೆ ಬನ್ನಿ. ಹಾರ, ಶಾಲು ಇರುವುದಿಲ್ಲ, ಫೋಟೊ ತೆಗೆಯುವವರೂ ಇರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಡುತ್ತೇವೆ. ಚಪ್ಪಲಿ ಹಾಕಿಕೊಂಡೇ ಒಳಗೆ ಬರಬಹುದು.

ಇಂತಿ,
ಒಬ್ಬ ಹೈಸ್ಕೂಲ್ ಗಣಿತ ಶಿಕ್ಷಕಿ